ಅರ್ಜಿ ಸಾಹೇಬರು ಕಲಿಸಿದ ‘ಹ್ಯಾಡ್’

ಅರ್ಜಿ ಸಾಹೇಬರ ಬಲಗೈ ನಡುಬೆರಳಿನ ಪಕ್ಕದಲ್ಲಿ ಕಡಲೆಕಾಳಿನಷ್ಟು ಜಡ್ಡುಗಟ್ಟಿತ್ತು. ಮಸಿ ಇಳಿದು ಇಳಿದು ಕಪ್ಪಾಗಿದ್ದ ಆ ಜಾಗವನ್ನು ಎಷ್ಟು ಉಜ್ಜಿದರೂ ಬೆಳ್ಳಗಾಗುತ್ತಿರಲಿಲ್ಲ. ಹುಣಸೂರಿನ ತಾಲ್ಲೂಕು ಕಚೇರಿ ಎದುರು ತಮ್ಮ ಮನೆಯ ಜಗಲಿ ಮೇಲೆ ಚಾಪೆ ಹಾಸಿಕೊಂಡು, ಸುತ್ತಿನ ಹಳ್ಳಿಯವರಿಗೆಲ್ಲ ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಡುವುದು ಅವರ ಕಸುಬು. ಮಹಾರಾಜರ ಕಾಲ ಅದು.

ನಾನು ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದ ಮಹಾನುಭಾವ. ಇಪ್ಪತ್ತೆರಡು ತುಂಬಿ ಮೀಸೆ ತಿರುವುವಷ್ಟಾಗಿದ್ದರೂ ‘ಹ್ಯಾಡ್’ ಎಲ್ಲಿ ಹಾಕಬೇಕೆಂಬುದು ತಲೆಗೆ ಹತ್ತಿರಲಿಲ್ಲ. ದಿನಾ ಗಾವಡಗೆರೆಯಿಂದ ಬಂದು ಅವರ ಅರ್ಜಿಗಳನ್ನು ನಕಲು ಮಾಡಿಕೊಡುತ್ತಿದ್ದೆ, ಅವರು ನನಗೆ ಪಾಠ ಹೇಳುತ್ತಿದ್ದರು. ಬರವಣಿಗೆ ಗತ್ತಾಗಿ ಕಾಣಲೆಂದು ನಾನು ಸಿಕ್ಕಸಿಕ್ಕಲ್ಲಿ ಹ್ಯಾಡ್ ತುರುಕುತ್ತಿದ್ದೆ.

“ನೆನ್ನೆ ಮುದ್ದೆ ಉಂಡೆ ಅನ್ನೋಕೆ ಹ್ಯಾಡ್ ಯಾಕೋ ಬೇಟಾ?” ಎನ್ನುತ್ತಿದ್ದರು. “ಒಂದೇ ಕೆಲ್ಸ ಆಗಿದ್ರೆ ಅದನ್ನ ಬುಡು. ನೀನು ಬರೋ ಹೊತ್ಗೆ ಬಸ್ಸು ಹೋಗಿತ್ತು ಅಂತೀಯಲ್ಲ, ಅಲ್ಲಿ ಎರಡು ಕೆಲ್ಸ. ಬಸ್ಸು ಹೋಗಿದ್ದು ಮೊದ್ಲು, ನೀನು ಬಂದಿದ್ದು ಆಮೇಲೆ. ಮೊದ್ಲು ಆಗಿದ್ದಕ್ಕೆ ಹ್ಯಾಡ್ ಹಾಕು. ಯಾವ್ದು ಮೊದ್ಲು ಅಂತ ತಿಳೀದೆ ಪೆನ್ನು ಮುಟ್ಬೇಡ ಕಣೋ.”

ಅರ್ಜಿ ಬರೆಯುವಾಗಲೂ ಅವರದು ಅದೇ ಪದ್ಧತಿ. ಬಂದವನನ್ನು ಕೂರಿಸಿ, ಕೊನೆಗೆ ನಡೆದದ್ದೇನೆಂದು ಕೇಳಿ ಚಾಪೆ ಮೇಲೆ ಒಂದು ಹುಣಸೆಬೀಜ ಇಡುತ್ತಿದ್ದರು. “ಅದಕ್ಕೆ ಮುಂಚೆ?” ಅಂದರೆ ಅದರ ಎಡಕ್ಕೆ ಇನ್ನೊಂದು. ಹೇಳುವವನ ಬಳಿ ಹೇಳಲು ಏನೂ ಉಳಿಯದಾಗ ಮಾತ್ರ ಮಸಿಕುಡಿಕೆಯ ಮುಚ್ಚಳ ತೆಗೆಯುತ್ತಿದ್ದರು. ಒಂದು ಅರ್ಜಿಗೆ ಅರ್ಧ ದಿನ! ನನಗಂತೂ ಮೈ ಉರಿದುಹೋಗುತ್ತಿತ್ತು.

ಒಂದು ಶುಕ್ರವಾರ ಸಾಹೇಬರು ನಮಾಜಿಗೆ ಹೋಗಿದ್ದಾಗ ಎನ್. ಬೇಗೂರು ಕಡೆಯ ಹಾಡಿಯಿಂದ, ಅಂದರೆ ಕಾಡುಜನರ ಕೇರಿಯಿಂದ, ಒಬ್ಬ ಬಂದ. ತೇಗದ ಮರ ಕಡಿದನೆಂದು ಗಾರ್ಡು ಹಿಡಿದಿದ್ದನಂತೆ. ಮಾರನೆಯ ದಿನ ಫಾರೆಸ್ಟ್ ಆಫೀಸಿನಲ್ಲಿ ಹಾಜರಾಗಬೇಕಿತ್ತು, ತಪ್ಪು ಹೊರಿಸಿದರೆ ಜೈಲು. ಮನೆಯಲ್ಲಿ ಹೆಂಡತಿ, ಮೂರು ಮಕ್ಕಳು. “ಕಡ್ದಿದ್ದು ನೀನೇನಾ?” ಎಂದೆ. “ನಾನೇ ಸಾಮಿ,” ಎಂದ. ಸರಿ, ನನಗೆ ಅಷ್ಟೇ ಸಾಕಾಯಿತು. ಮರ ಕಡಿದದ್ದು ನಿಜ, ಈ ಒಂದು ಸಲ ಕ್ಷಮಿಸಬೇಕು ಎಂದು ಜೋರಾದ ಇಂಗ್ಲಿಷಿನಲ್ಲಿ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡೆ.

ಸಾಹೇಬರು ಬಂದು ಓದಿದರು. ನನ್ನನ್ನು ಬಯ್ಯಲಿಲ್ಲ. “ಮಸಿ ಹರಡಿದೆ, ಬೇರೆ ಬರೆಯೋಣ” ಎಂದು ಕಾಗದ ಹರಿದು, ಬೀಜಗಳನ್ನು ಮುಂದಿಟ್ಟುಕೊಂಡರು.

“ಕೊನೇಗೆ ಏನಾಯ್ತಪ್ಪ?”

“ಗಾರ್ಡು ಬಂದ ಸಾಮಿ.”

“ಅದಕ್ಕೆ ಮುಂಚೆ?”

“ಸೌದೆಗೆ ಕೊಂಬೆ ಕಡೀತಿದ್ದೆ.”

“ಅದಕ್ಕೆ ಮುಂಚೆ?”

“ಮರ ಬಿದ್ದಿತ್ತು. ಆನೆ ಕೆಡವಿ ಎರಡು ದಿನ ಆಗಿತ್ತು.”

“ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ?”

“ಈ ಸಾಮಿ ಕೇಳ್ನಿಲ್ಲ.”

ನಾನು ತಲೆ ತಗ್ಗಿಸಿ, ಹರಿದ ಕಾಗದದ ಚೂರುಗಳನ್ನು ಆಯತೊಡಗಿದೆ. ಸಾಹೇಬರು ನನ್ನ ಮುಖ ನೋಡದೆ, “ಒಳಗಿಂದ ಇವನಿಗೊಂದು ಚೊಂಬು ನೀರು ತಾ” ಎಂದರು. ತಂದಮೇಲೆ ಹೊಸ ಅರ್ಜಿಯನ್ನು ನನ್ನ ಕೈಯಲ್ಲೇ ಬರೆಸಿದರು. ಫಾರೆಸ್ಟಿನವರು ಹೋಗಿ ನೋಡಿದರೆ ಮರ ಬೇರುಸಮೇತ ಮಗುಚಿ ಬಿದ್ದಿತ್ತು. ಅವನನ್ನು ಬಿಟ್ಟರು. ಆಮೇಲೆ ಅವನು ಜೇನು ತಂದಾಗ ಸಾಹೇಬರು, “ಬರೆದೋನು ಇವನು ಕಣಪ್ಪ, ಇವನಿಗೆ ಕೊಡು” ಎಂದರು. ನಿಜ ಹೇಳಲು ಬಾಯಿ ಬರಲಿಲ್ಲ. ನಾಚಿಕೆಗೆಟ್ಟವನಂತೆ ಕೈಚಾಚಿ ಇಸಕೊಂಡೆ.

ಮರುವರ್ಷ ಪಾಸಾದೆ, ಗುಮಾಸ್ತನೂ ಆದೆ. ನಾನಿಂದು ಉಣ್ಣುವ ಅನ್ನ ಆ ಜಗಲಿಯದು. ಎಷ್ಟೋ ವರ್ಷಗಳ ಮೇಲೆ ಸಾಹೇಬರು ತೀರಿಕೊಂಡರು. ಮಣ್ಣು ಹಾಕಿ ಈಚೆ ಬಂದರೆ, ಹಾಡಿಯ ಆ ಮನುಷ್ಯ ತಲೆಗೂದಲು ನರೆತು ಬೇಲಿ ಪಕ್ಕ ನಿಂತಿದ್ದ. ಇನ್ನು ತಡೆಯಲಾಗಲಿಲ್ಲ. “ಅವತ್ತು ಮಸಿ ಹರಡಿರಲಿಲ್ಲ ಕಣಪ್ಪ. ನಿನ್ನ ಜೈಲಿಗೆ ಕಳಿಸೋ ಹಾಗೆ ನಾನು ಬರೆದಿದ್ದೆ” ಎಂದೆ.

“ಗೊತ್ತು ಸಾಮಿ,” ಎಂದ. “ನೀವು ನೀರು ತರಾಕೆ ಒಳೀಕೆ ಓಗಿದ್ರಲ್ಲ, ಆಗ್ಲೇ ಸಾಹೇಬ್ರು ಯೋಳಿದ್ರು. ‘ನನ್ ಜಗಲೀಲಿ ತಪ್ಪಾಗೋಯ್ತು, ಮನಸ್ಸಿಗೆ ಅಚ್ಕಬ್ಯಾಡ’ ಅಂತ ನಂಗೆ ಕೈ ಮುಗ್ದಿದ್ರು.”