ತಕರಾರು ತಾತ ತೆಪ್ಪಗಾದದ್ದು

ಡೈರಿಯಲ್ಲಿ ಹಾಲು ಅಳೆದು, ದರ ಕಟ್ಟಲು ಅದರ ಫ್ಯಾಟ್ ನೋಡುವ ಕೆಲಸದಾಕೆಗೆ ಹನ್ನೊಂದು ವರ್ಷದಿಂದ ಬೆಳಗಾಗುತ್ತಿದ್ದದ್ದೇ ಒಬ್ಬ ಮುದುಕನ ಜಗಳದಿಂದ. ಊರೆಲ್ಲ ಅವನನ್ನು ತಕರಾರು ತಾತ ಅನ್ನುತ್ತಿತ್ತು. ಫ್ಯಾಟ್ ನಾಲ್ಕು ಬಂದರೆ ನಾಲ್ಕೂವರೆ ಯಾಕಿಲ್ಲ, ನಾಲ್ಕೂವರೆ ಬಂದರೆ ನಿನ್ನ ಮಿಷನ್ನು ಕೆಟ್ಟಿದೆ! ಹಿಂದೆ ನಿಂತವರು ಕ್ಯಾನು ಹಿಡಿದು ಹಲ್ಲು ಕಡಿಯುತ್ತಿದ್ದರು. ವಯಸ್ಸು ಎಪ್ಪತ್ತೆರಡು, ಗಂಟಲು ಮಾತ್ರ ಇಪ್ಪತ್ತೆರಡರದು.

ಅಂಥವನು ಇದ್ದಕ್ಕಿದ್ದಂತೆ ತೆಪ್ಪಗಾದ. ಮನೆಯಲ್ಲಿ ಹೆಂಡತಿ, ಮಗ, ಸೊಸೆ, ಮೊಮ್ಮಗು ಎಲ್ಲ ನೆಟ್ಟಗಿದ್ದರು, ಕೊಟ್ಟಿಗೆಯಲ್ಲಿ ಹಸುವೂ. ಊರಿನವರಿಗಂತೂ ಹಾಲು ಕುಡಿದಷ್ಟು ಸಂತೋಷ. "ಅಂತೂ ತಾತನಿಗೆ ಬುದ್ಧಿ ಬಂತು ನೋಡ್ರಪ್ಪ," ಎಂದು ಬೆನ್ನು ತಟ್ಟಿದರು. ಆಹಾ, ಎಂಥ ಬುದ್ಧಿವಂತರು! ಅವನು ವಾರದಿಂದ ಅದೇ ಅಂಗಿಯಲ್ಲಿ ಬರುತ್ತಿದ್ದದ್ದು ಒಬ್ಬರ ಕಣ್ಣಿಗೂ ಬೀಳಲಿಲ್ಲ.

ಡೈರಿಯವಳಿಗೆ ಮಾತ್ರ ಇದು ಸರಿ ಕಾಣಲಿಲ್ಲ. ಒಂದು ಬೆಳಗ್ಗೆ ಬೇಕೆಂದೇ ಕೆಣಕಿದಳು. ಮಿಷನ್ನು ನಾಲ್ಕು ತೋರಿಸುತ್ತಿದ್ದರೂ, "ತಾತ, ಇವತ್ತು ಎರಡೇ," ಅಂದಳು.

"ಇರ್ಲಿ ಬಿಡವ್ವ."

ಅವಳು ನಾಲ್ಕನ್ನೇ ಬರೆದುಕೊಂಡಳು. ಸಾಲು ಕರಗಿದ ಮೇಲೆ ಅವನನ್ನು ಕ್ಯಾನುಗಳ ಹಿಂದೆ ಕೂರಿಸಿಕೊಂಡಳು. "ನನ್ನಾಣೆ ತಾತ, ಏನಾಗಿದೆ ಹೇಳು."

ತಾತ ಬಾಯಿಬಿಟ್ಟ. "ಏನೂ ಆಗಿಲ್ಲ ಕಣವ್ವ, ಅದೇ ಕಷ್ಟ. ಊಟ ಸೇರಲ್ಲ, ನಿದ್ದೆ ಇಲ್ಲ, ಮೊಮ್ಮಗು ನಕ್ಕರೂ ನಗು ಬರಲ್ಲ. ಬಾವಿ ಕಡೆ ಹೋಗೋದೇ ಬಿಟ್ಟಿದೀನಿ. ನನ್ನ ಮೇಲೆ ನನಗೇ ನಂಬಿಕೆ ಇಲ್ಲ."

ಡೈರಿಗೆ ಬೀಗ ಜಡಿದು, ಅವನ ಹೆಂಡತಿಗೆ ವಿಷಯ ತಿಳಿಸಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೊರಟಳು. ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟಳು: "ಹೊರಗೆ ಯಾರು ಕೇಳಿದ್ರೂ ಹೊಟ್ಟೆನೋವು ಅನ್ನು. ಡಾಕ್ಟ್ರ ಹತ್ರ ಮಾತ್ರ ನಿಜ ಹೇಳು. ನಮ್ಮೂರಿನ ಬಾಯಿ ಗೊತ್ತಲ್ಲ!"

ಆಸ್ಪತ್ರೆಯ ಬೆಂಚಿನ ತುಂಬ ಊರವರೇ. ನರ್ಸಮ್ಮ ಚೀಟಿ ಬರೆಯುತ್ತ, "ಏನು ತಾತ, ಏನು ತೊಂದರೆ?" ಅಂದರು.

ತಾತ ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದ. "ಮೈಗೇನಿಲ್ಲ ತಾಯಿ. ಮನಸ್ಸಿಗೆ ಕಾಯಿಲೆ. ಬದುಕೋ ಆಸೆ ಹೋಗ್ಬಿಟ್ಟಿದೆ. ಅದು ನನಗೆ ವಾಪಸ್ ಬೇಕು, ಅದಕ್ಕೇ ಬಂದೆ."

ಅಬ್ಬಾ! ಆ ಊರಲ್ಲಿ ಅಂಥ ಮಾತನ್ನು ಯಾರೂ ಬಾಯಿಬಿಟ್ಟು ಆಡಿದ್ದೇ ಇಲ್ಲ. ಇಷ್ಟು ದೊಡ್ಡ ಜೀವಕ್ಕೆ ತಾನು ಸುಳ್ಳು ಕಲಿಸಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಯಾರಾದರೂ ನಕ್ಕರೆ ಗತಿಯೇನೆಂದು ಬೆಂಚಿನತ್ತ ತಿರುಗಿದಳು. ಯಾರೂ ನಗಲಿಲ್ಲ.

ವರ್ಷಗಟ್ಟಲೆ ಮಂಡಿನೋವೆಂದು ಬಂದುಹೋಗುತ್ತಿದ್ದ ಅಜ್ಜಿಯೊಬ್ಬಳು ಬೆಂಚಿನ ತುದಿಯಿಂದ ತಾತನ ಕೈ ಹಿಡಿದಳು. "ಅಣ್ಣಾ, ತೋರಿಸ್ಕೊಂಡು ಹಾಗೇ ಹೋಗ್ಬಿಡಬೇಡ. ಡಾಕ್ಟ್ರಿಗೆ ಹೇಗೆ ಹೇಳ್ಬೇಕು ಅಂತ ನನಗೂ ಹೇಳ್ಕೊಡು."