ಗ್ರಾಸಿಂಡಾಳ ಮನೆತನಕ್ಕೆ ಅಂಟಿದ ನಾತ

ಆಫ್ರಿಕಾ ಕರಾವಳಿಯಾಚೆಯ ನಮ್ಮ ಇನ್ಯಾಕ ದ್ವೀಪದ ಶಾಲೆಯಲ್ಲಿ ಗ್ರಾಸಿಂಡಾ ನ್ಯಾಕ ಮೂವತ್ತೊಂದು ವರ್ಷ ಪೋರ್ಚುಗೀಸ್ ಕಲಿಸಿದಳು. ಪಕ್ಕದ ತರಗತಿಯಲ್ಲಿ ನಾನು ಲೆಕ್ಕ ಹೇಳಿಕೊಡುತ್ತಿದ್ದೆ. ದ್ವೀಪಕ್ಕೆ ಹೆಸರು ಬಂದದ್ದು ತನ್ನ ವಂಶದ ಹಳೆಯ ದೊರೆ ನ್ಯಾಕನಿಂದ ಎಂಬ ಹೆಮ್ಮೆ ಅವಳ ನಡಿಗೆಯಲ್ಲೇ ಕಾಣುತ್ತಿತ್ತು.

ಅವಳು ನಿವೃತ್ತಳಾದ ವರ್ಷ ತಂಗಿ ಝುಲ್ಮೀರಾಳ ಖಾನಾವಳಿಗೆ ಬ್ರೆಜಿಲ್‌ನ ಎಂಜಿನಿಯರ್ ಒಬ್ಬ ಊಟಕ್ಕೆ ಬಂದ. ಹುರಿದ ಮೀನು ಬಡಿಸುತ್ತ ಗ್ರಾಸಿಂಡಾ ತನ್ನ ಹೆಸರು, ವಂಶ ಎಲ್ಲ ಹೇಳಿದಳು. ಅವನು ಕಿಸಕ್ಕೆಂದು ನಕ್ಕ.

"ಯಾಕಪ್ಪ ನಗ್ತೀಯ?"

"ತಪ್ಪು ತಿಳ್ಕೋಬೇಡಿ ಅಮ್ಮ. ನಮ್ ಕಡೆ ಪೋರ್ಚುಗೀಸಲ್ಲಿ ಇನ್ಯಾಕ ಅಂದ್ರೆ ಗಬ್ಬುನಾತ. ಬೆವರು, ಕಂಕುಳು, ಅದೆಲ್ಲ."

"ನಿಮಗೆಲ್ಲಿಂದ ಬಂತು ಈ ಮಾತು?"

"ಈ ಕಡೆಯಿಂದ ಹಡಗಲ್ಲಿ ಹಿಡ್ಕೊಂಡ್ ಬಂದ ಗುಲಾಮರ ಜೊತೆ ಬಂತು ಅಂತ ನಮ್ಮಜ್ಜಿ ಹೇಳ್ತಿದ್ರು. ನಂಗೇನ್ ಗೊತ್ತು?"

ಅವಳು ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿ ನೆಟ್ಟಗೆ ನಮ್ಮ ಮನೆಗೆ ಬಂದಳು.

"ಮನುಷ್ಯರನ್ನ ಸರಪಳಿ ಹಾಕಿ ತಿಂಗಳುಗಟ್ಟಲೆ ಹಡಗಿನ ತಳಕ್ಕೆ ತುಂಬಿದ್ರೆ ನಾರದೆ ಇನ್ನೇನು? ಆ ನಾತಕ್ಕೆ ನಮ್ಮ ಹೆಸ್ರೇ ಬೇಕಿತ್ತಾ?" ಎಂದು ನನ್ನ ಮೇಲೇ ರೇಗಿದಳು, ಆ ಹೆಸರು ಇಟ್ಟವನು ನಾನೇ ಎಂಬಂತೆ.

ಮುಂದಿನ ಮಂಗಳವಾರ ನನ್ನನ್ನೂ ಎಳೆದುಕೊಂಡು ದೋಣಿ ಹತ್ತಿ ಮಾಪುಟೊಗೆ ಹೋದಳು. ಅಲ್ಲಿ ಒಂದು ಗ್ರಂಥಾಲಯದಲ್ಲಿ ಮೂರು ನಿಘಂಟು ತರಿಸಿದಳು. ಒಂದರಲ್ಲಿ, ಆ ಪದ ಬ್ರೆಜಿಲ್‌ನ ಮೂಲನಿವಾಸಿಗಳ ತುಪಿ ಭಾಷೆಯದು ಎಂದಿತ್ತು. ಇನ್ನೊಂದರಲ್ಲಿ, ಆಫ್ರಿಕಾದ್ದಿರಬಹುದು. ಮೂರನೆಯದರಲ್ಲಿ, ಮೂಲ ತಿಳಿಯದು.

"ಇರಬಹುದಂತೆ! ನನ್ನ ಮಕ್ಕಳು ಹೀಗೆ ಬರೆದಿದ್ರೆ ಕಿವಿ ಹಿಂಡ್ತಿದ್ದೆ."

"ಮೆತ್ತಗೆ ಟೀಚರಮ್ಮ, ಓದೋರಿದ್ದಾರೆ," ಎಂದ ಗ್ರಂಥಪಾಲಕ. "ತುಪಿ ಅಂತ ಇದ್ಯಲ್ಲ, ಅದನ್ನೇ ಹಿಡ್ಕೊಂಡು ನೆಮ್ಮದಿಯಾಗಿರಿ."

"ಆ ತುಪಿ ಬಡಪಾಯಿಗಳ ತಲೆಗೆ ಕಟ್ಟಿ ಕೈ ತೊಳ್ಕೊಳ್ಳೋಕೆ ನಾನೇನು ನಿಘಂಟಾ?"

ಆ ಪದದ ಜೊತೆ ಗುಲಾಮರ ಹಡಗಿನ ಕಥೆಯನ್ನೂ ಅಚ್ಚು ಹಾಕಿ ಎಂದು ಮೂರೂ ಪ್ರಕಾಶಕರಿಗೆ ಕಾಗದ ಬರೆದಳು. ಬಂದದ್ದು ಒಂದೇ ಉತ್ತರ: ನಿಮ್ಮ ಆಸಕ್ತಿಗೆ ವಂದನೆಗಳು. ಅವಳು ಅದನ್ನು ಹರಿದು ಒಲೆಗೆ ಹಾಕಿದಳು.

"ಬಿಡಕ್ಕ, ಹೆಸ್ರು ನಾರತ್ತಾ?" ಎಂದಳು ಝುಲ್ಮೀರಾ.

"ನಿಂಗೆ ಮೀನು ಮಾರಿದ್ರಾಯ್ತು."

ಆಮೇಲೆ ಬ್ರೆಜಿಲ್‌ನವರು ಯಾರೇ ಬರಲಿ, ತುತ್ತು ಬಾಯಿಗಿಡುವ ಮೊದಲೇ ಗ್ರಾಸಿಂಡಾ ಹಡಗಿನ ಕಥೆ ತೆಗೆಯುತ್ತಿದ್ದಳು. ಕೆಲವರು ತಲೆ ತಗ್ಗಿಸಿ ಕೇಳಿದರು, ಕೆಲವರು ಅರ್ಧಕ್ಕೇ ಎದ್ದರು. ಈಗ ಝುಲ್ಮೀರಾ ಅವಳನ್ನು ಅಡುಗೆಮನೆಯಿಂದ ಆಚೆ ಬಿಡುವುದಿಲ್ಲ. ಆದರೂ ಅವಳ ದನಿ ಮೇಜುಗಳ ತನಕ ಕೇಳುತ್ತದೆ.