ಪೇರಲ ಎಲೆ ಕೊಡುತ್ತಿದ್ದ ಕಬಾಬಣ್ಣ

ಅವನ ಬಲಗೈ ಮಣಿಕಟ್ಟಿನವರೆಗೆ ಸದಾ ಕೆಂಪಗಿರುತ್ತಿತ್ತು. ಮಸಾಲೆ ಕಲಸಿ ಕಲಸಿ ಹಿಡಿದ ಬಣ್ಣ. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಉಳಿಯುತ್ತಿತ್ತು. ಕೊಟ್ಟೂರಿನ ನಮ್ಮ ಓಣಿಯ ತುದಿಯಲ್ಲಿ ಒಂದು ಬಾಣಲೆ, ಎರಡು ಬೆಂಚು, ಹಿಂದೊಂದು ಪರದೆ, ಇಷ್ಟೇ ಅವನ ಅಂಗಡಿ. ಊರಿಗೆಲ್ಲ ಅವನು ಕಬಾಬಣ್ಣ. ಹಮಾಲರು, ಕಾಲೇಜು ಹುಡುಗರು ಬೆಂಚಿನ ಮೇಲೆ ಕೂತು ತಿನ್ನುತ್ತಿದ್ದರು. ನನ್ನಂಥವರು ಪರದೆಯ ಹಿಂದೆ.

ನಮ್ಮದು ಮೊಟ್ಟೆಯ ಮಾತನ್ನೂ ಆಡದ ಮನೆ. ನಾನು ಹೈಸ್ಕೂಲು ಮೇಷ್ಟ್ರು, ಹಣೆ ತುಂಬ ವಿಭೂತಿ. ನಾಲಿಗೆ ಮಾತ್ರ ಮಾತು ಕೇಳುತ್ತಿರಲಿಲ್ಲ. ತಿಂದು ಎದ್ದಾಗ ಕಬಾಬಣ್ಣ ಕೈ ತೊಳೆದುಕೊಂಡು, ಹಿತ್ತಲಿನ ಪೇರಲ ಗಿಡದಿಂದ ಎರಡು ಎಲೆ ಕಿತ್ತು ಕೊಡುತ್ತಿದ್ದ.

“ಅಗೀರಿ ಸರ. ಮನಿ ಮುಟ್ಟೂದ್ರೊಳಗ ವಾಸ್ನಿ ಹೋಗಿರ್ತೈತಿ.”

ಆ ಗಿಡದಲ್ಲಿ ಕೈಗೆಟಕುವ ಎತ್ತರದವರೆಗೆ ಒಂದೂ ಎಲೆ ಉಳಿದಿರಲಿಲ್ಲ. “ಯಾರ್ಯಾರು ಬರ್ತಾರ, ಹೇಳಪಾ” ಎಂದು ಒಮ್ಮೆ ಕೆಣಕಿದೆ. “ಗಿಡಾನ ಕೇಳ್ರಿ” ಎಂದು ನಕ್ಕ, ಅಷ್ಟೇ.

ಎರಡು ವರ್ಷದ ಹಿಂದೆ ಓಣಿಯವರು ಮಳಿಗೆಯ ಮಾಲೀಕನಿಗೆ ಅರ್ಜಿ ಬರೆದರು: ಹೊಗೆ, ಎಲುಬು, ನಾಯಿಗಳ ಕಾಟ, ಅಂಗಡಿ ಎತ್ತಿಸಬೇಕು. ಕಾಗದ ಹಿಡಿದು ನಮ್ಮ ಮನೆಗೆ ಬಂದವನನ್ನು ನಾನು ಕಬಾಬಣ್ಣನ ಪರದೆಯ ಹಿಂದೆ ನೋಡಿದ್ದೆ. ಅವನೂ ನನ್ನನ್ನು ನೋಡಿದ್ದ. ಇಬ್ಬರೂ ಕಣ್ಣು ತಪ್ಪಿಸಿದೆವು. ಅವ್ವ ಬಾಗಿಲಲ್ಲೇ ನಿಂತಿದ್ದಳು.

“ಸಹಿ ಹಾಕಪಾ, ಏನ್ ನೋಡ್ತಿ?”

ಹಾಕಿದೆ. ದುಂಡಗೆ, ಹುದ್ದೆ ಸಮೇತ.

ನಾಚಿಕೆಗೆಟ್ಟು ಮರುವಾರ ಮತ್ತೆ ಹೋದೆ. ಮಾಲೀಕ ತಂದುಕೊಟ್ಟಿದ್ದ ಆ ಅರ್ಜಿ ಗಲ್ಲಾಪೆಟ್ಟಿಗೆಯ ಮೇಲೇ ಇತ್ತು. ನನ್ನ ಹೆಸರಿನ ಪಕ್ಕ ಕೆಂಪು ಬೆರಳಿನ ಗುರುತು. ಒಂದೊಂದೇ ಹೆಸರು ಓದುತ್ತ ಬಂದು ಅಲ್ಲಿ ನಿಂತಿದ್ದಾನೆ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಸಹಿ ಮಾಡಿದ್ದು ಚಲೋ ಆತ್ರಿ ಸರ” ಎಂದ, ತಟ್ಟೆ ಮುಂದಿಡುತ್ತ. “ಮಾಡ್ಲಿಲ್ಲಂದ್ರ ನಿಮ್ಮ ಅವ್ವಾರಿಗೆ ಅನುಮಾನ ಬರ್ತಿತ್ತು.”

ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹೊರಡುವಾಗ ಎಂದಿನಂತೆ ಎಲೆಯನ್ನೂ ಕೊಟ್ಟ.

ಅಂಗಡಿ ಊರಾಚೆ ಕೂಡ್ಲಿಗಿ ರಸ್ತೆಗೆ ಹೋಯಿತು. ಹಳೆಯ ಜಾಗದ ಪೇರಲ ಗಿಡ ಬುಡದತನಕ ಹಸಿರಾಯಿತು. ಅಷ್ಟು ದೂರ ಬೆಂಚಿನವರೇ ಹೋಗಲಿಲ್ಲ. ಪರದೆಯವರಂತೂ ಆ ಕಡೆ ತಲೆ ಹಾಕಲಿಲ್ಲ, ನಾನೂ ಸೇರಿ. ವರ್ಷ ತುಂಬುವುದರೊಳಗೆ ಅಂಗಡಿ ಮುಚ್ಚಿತು. ಕಬಾಬಣ್ಣ ಬಾಣಲೆ ಮಾರಿ ಹಮಾಲಿಗೆ ಹೋಗುತ್ತಿದ್ದ. ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಚೀಲ ಹೊತ್ತವನು ಅಲ್ಲೇ ಕುಸಿದು ತೀರಿಕೊಂಡ.

ಮಣ್ಣಾಗಿ ಮೂರು ದಿನಕ್ಕೆ ಅವನ ಮನೆಗೆ ಹೋದೆ. ಹೆಂಡತಿ ಕುರ್ಚಿ ಒರೆಸಿ ಹಾಕಿದಳು.

“ತಾವ್ಯಾರಂತ ಗೊತ್ತಾಗ್ಲಿಲ್ರಿ. ಪರದಿ ಹಿಂದ ಕುಂದ್ರೋರ ಹೆಸರು ನಮ್ಮ ಮುಂದನೂ ಹೇಳ್ತಿದ್ದಿಲ್ರಿ ಅವ್ರು.”

ಅರ್ಜಿಯ ಮೇಲೆ ಅಷ್ಟು ದುಂಡಗೆ ಬರೆದ ಹೆಸರು ನನ್ನ ಬಾಯಿಂದ ಹೊರಡಲಿಲ್ಲ. ಈ ಕಡೆ ಬಂದಿದ್ದೆ, ಎಂದೆ.